ತೂಕ ಎಷ್ಟು ಹೇಳಿ, ಸೀಟು ಆಮೇಲೆ: ಫಾಕ್‌ಲ್ಯಾಂಡ್‌ನ ಪುಟ್ಟ ವಿಮಾನ ಸೇವೆ

ದಕ್ಷಿಣ ಅಮೆರಿಕದ ತುದಿಯ ಬಳಿ ಇರುವ, ಬ್ರಿಟನ್ ಆಡಳಿತದ ಫಾಕ್‌ಲ್ಯಾಂಡ್ ದ್ವೀಪಗಳ ಪೆಂಗ್ವಿನ್‌ಗಳ ಬಗ್ಗೆ ಹೋದ ಸಂಚಿಕೆಯಲ್ಲಿ ಲೇಖನ ಬಂದಿತ್ತು. ಹುಲ್ಲುಗಾವಲಿನಲ್ಲಿ ನಿಂತ ಒಂದು ಕೆಂಪು ವಿಮಾನದ ಚಿತ್ರವೂ ಅದರ ಜೊತೆಗಿತ್ತು. ಓದುಗರ ಪತ್ರಗಳಲ್ಲಿ ಪೆಂಗ್ವಿನ್‌ಗಿಂತ ಆ ವಿಮಾನದ ಬಗ್ಗೆಯೇ ಹೆಚ್ಚು ಪ್ರಶ್ನೆಗಳಿವೆ. ಆದ್ದರಿಂದ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಅದು ಯಾವ ಕಂಪನಿಯ ವಿಮಾನ? ಮೂರೂವರೆ ಸಾವಿರ ಜನ ಇರುವ ಜಾಗಕ್ಕೆ ಸ್ವಂತ ವಿಮಾನ ಸೇವೆ ಯಾಕೆ ಬೇಕಾಯಿತು? (ಹಾಸನದ ಓದುಗರು)

ಅದು ಕಂಪನಿಯ ವಿಮಾನವಲ್ಲ, ಸರ್ಕಾರದ್ದು. ಪೂರ್ಣ ಹೆಸರು ಫಾಕ್‌ಲ್ಯಾಂಡ್ ಐಲ್ಯಾಂಡ್ಸ್ ಗವರ್ನಮೆಂಟ್ ಏರ್ ಸರ್ವಿಸ್. ಮೊದಲ ಅಕ್ಷರಗಳನ್ನು ಕೂಡಿಸಿ ಎಲ್ಲರೂ ಫಿಗಾಸ್ ಎನ್ನುತ್ತಾರೆ.

ಜನ ಕಡಿಮೆ, ನಿಜ. ಆದರೆ ನೆಲ 12,000 ಚದರ ಕಿ.ಮೀ.ಗಿಂತ ಹೆಚ್ಚಿದೆ, ಅಂದರೆ ನಮ್ಮ ತುಮಕೂರು ಜಿಲ್ಲೆಗಿಂತ ದೊಡ್ಡದು. ಅದೂ ಒಂದೇ ತುಂಡಾಗಿಲ್ಲ. ಪೂರ್ವ ಮತ್ತು ಪಶ್ಚಿಮ ಎಂಬ ಎರಡು ದೊಡ್ಡ ದ್ವೀಪಗಳು, ಸುತ್ತ 700ಕ್ಕೂ ಹೆಚ್ಚು ಚಿಕ್ಕವು. ಜನರಲ್ಲಿ ಹೆಚ್ಚಿನವರು ರಾಜಧಾನಿ ಸ್ಟ್ಯಾನ್ಲಿಯಲ್ಲಿದ್ದಾರೆ. ಉಳಿದವರು ಕುರಿ ಸಾಕಣೆಯ ನೆಲೆಗಳಲ್ಲಿ ಚದುರಿಕೊಂಡಿದ್ದಾರೆ. ಸ್ಟ್ಯಾನ್ಲಿಯ ಆಚೆಗಿನ ಇಡೀ ಹಳ್ಳಿಗಾಡಿಗೆ ಅಲ್ಲಿನವರು 'ಕ್ಯಾಂಪ್' ಎನ್ನುತ್ತಾರೆ. ಹೊಲ, ಬಯಲು ಎಂಬ ಅರ್ಥದ ಸ್ಪ್ಯಾನಿಷ್ ಮಾತು 'ಕಾಂಪೊ'ದಿಂದ ಬಂದದ್ದು. 1980ರ ದಶಕದವರೆಗೆ ಈ ಕ್ಯಾಂಪ್‌ನಲ್ಲಿ ರಸ್ತೆ ಎಂಬುದೇ ಇರಲಿಲ್ಲ ಎನ್ನಬಹುದು. ಗಿಡ, ಹುಲ್ಲು ಕೊಳೆತು ಆದ ಪೀಟ್ ಎಂಬ ಕೆಸರು ನೆಲದಲ್ಲಿ ಕುದುರೆ ಸವಾರಿ, ಇಲ್ಲವೇ ಎಂದೋ ಒಮ್ಮೆ ಬರುವ ಹಡಗು, ಇಷ್ಟೇ ದಾರಿ.

1948ರಲ್ಲಿ ಗವರ್ನರ್ ಆಗಿದ್ದ ಮೈಲ್ಸ್ ಕ್ಲಿಫರ್ಡ್ ಎರಡು ಆಸ್ಟರ್ ವಿಮಾನ ತರಿಸಿದರು. ಬಟ್ಟೆ ಹೊದಿಸಿದ ಮೈಯ, ಒಂದೇ ಎಂಜಿನ್‌ನ ಪುಟ್ಟ ವಿಮಾನಗಳು. ಮೊದಲ ಹಾರಾಟ 1948ರ ಡಿಸೆಂಬರ್ 19ರಂದು. ನಾರ್ತ್ ಆರ್ಮ್ ಎಂಬ ನೆಲೆಯಿಂದ ಕಾಯಿಲೆಬಿದ್ದ ಒಬ್ಬ ಹುಡುಗಿಯನ್ನು ಸ್ಟ್ಯಾನ್ಲಿ ಆಸ್ಪತ್ರೆಗೆ ಕರೆತಂದದ್ದೇ ಅದು. ಈ ಸೇವೆ ಯಾಕೆ ಬೇಕು ಎಂಬ ಪ್ರಶ್ನೆಗೆ ಆ ಒಂದು ದಿನವೇ ಉತ್ತರ ಕೊಟ್ಟಿತು. ಆಮೇಲೆ ಅದನ್ನು ನಿಲ್ಲಿಸುವ ಮಾತು ಬರಲಿಲ್ಲ.

1950ರ ದಶಕದಿಂದ ಕೆನಡಾದ ಬೀವರ್ ವಿಮಾನಗಳು ಬಂದವು. ಚಕ್ರದ ಬದಲು ತೇಲುಬುಡ, ಮುಂದೆ ಒಂಬತ್ತು ಸಿಲಿಂಡರಿನ 450 ಅಶ್ವಶಕ್ತಿಯ ಎಂಜಿನ್. ನೆಲದಲ್ಲಿ ಇಳಿಯಲು ಪಟ್ಟಿ ಬೇಕು, ಆದರೆ ನೆಲೆಗಳೆಲ್ಲ ಕಡಲಂಚಿನಲ್ಲೇ ಇದ್ದವು. ಹಾಗಾಗಿ ಕೊಲ್ಲಿಯ ನೀರಿನ ಮೇಲೆ ಇಳಿದು, ದೋಣಿಯಲ್ಲಿ ಜನರನ್ನು ದಡಕ್ಕೆ ಸಾಗಿಸುವುದು ಸುಲಭವಾಗಿತ್ತು. ಇದಕ್ಕೆ ಎರಡು ತೊಂದರೆಗಳಿದ್ದವು. ಗಾಳಿ ಎದ್ದು ಅಲೆ ಏರಿದರೆ ಇಳಿಯುವಂತಿಲ್ಲ. ಜೊತೆಗೆ ಉಪ್ಪುನೀರು ಲೋಹವನ್ನು ಬಿಡುವಿಲ್ಲದೆ ತಿನ್ನುತ್ತದೆ. 1979ರಲ್ಲಿ ಚಕ್ರದ ವಿಮಾನ ಐಲ್ಯಾಂಡರ್ ಬಂತು. ಹುಲ್ಲಿನ ಪಟ್ಟಿಗಳ ಕಾಲ ಆಗ ಶುರುವಾಯಿತು, ಇಂದಿಗೂ ಅದೇ ನಡೆಯುತ್ತಿದೆ.

ಈ ಸೇವೆಗೆ ವೇಳಾಪಟ್ಟಿಯೇ ಇಲ್ಲ ಎಂದು ಓದಿದೆ. ವೇಳಾಪಟ್ಟಿ ಇಲ್ಲದೆ ವಿಮಾನ ಓಡಿಸುವುದು ಹೇಗೆ ಸಾಧ್ಯ? (ದಾವಣಗೆರೆಯ ಓದುಗರು)

ವೇಳಾಪಟ್ಟಿ ಇದೆ, ಆದರೆ ಅದರ ಆಯುಸ್ಸು ಒಂದು ದಿನ. ನಾಳೆಯದನ್ನು ಇವತ್ತು ಮಧ್ಯಾಹ್ನದ ಮೇಲೆ ಹೊಸದಾಗಿ ಬರೆಯುತ್ತಾರೆ.

ಕ್ರಮ ಹೀಗೆ. ಪ್ರಯಾಣಿಕರು ಮೊದಲೇ ಕಚೇರಿಗೆ ಹೇಳಿಟ್ಟಿರುತ್ತಾರೆ: ಇಂಥ ದಿನ, ಇಲ್ಲಿಂದ ಇಲ್ಲಿಗೆ, ಇಷ್ಟು ಜನ, ದೇಹದ ತೂಕ ಇಷ್ಟು, ಸಾಮಾನು ಇಷ್ಟು. ಇಷ್ಟು ಗಂಟೆಗೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಹಿಂದಿನ ದಿನ ಆ ಬೇಡಿಕೆಗಳನ್ನೆಲ್ಲ ಮುಂದಿಟ್ಟುಕೊಂಡು ಒಂದೊಂದು ವಿಮಾನಕ್ಕೂ ಒಂದು ಸುತ್ತು ಹೆಣೆಯುತ್ತಾರೆ. ಉದಾಹರಣೆಗೆ, ಸ್ಟ್ಯಾನ್ಲಿಯಿಂದ ಸೀ ಲಯನ್ ದ್ವೀಪಕ್ಕೆ ಮೂವರು, ಅಲ್ಲಿಂದ ಸಾಂಡರ್ಸ್ ದ್ವೀಪಕ್ಕೆ ಇಬ್ಬರು, ಪೆಬಲ್ ದ್ವೀಪದಿಂದ ಸ್ಟ್ಯಾನ್ಲಿಗೆ ನಾಲ್ವರು, ಪೋರ್ಟ್ ಹೊವಾರ್ಡ್‌ಗೆ ಒಂದು ಯಂತ್ರದ ಬಿಡಿಭಾಗ. ಇದೆಲ್ಲ ಒಂದೇ ಸುತ್ತಿನಲ್ಲಿ ಕೂಡಿಬರಬೇಕು. ಯಾವ ತುಂಡಿನಲ್ಲೂ ತೂಕ ಮೀರಬಾರದು, ಇಂಧನ ಸಾಕಾಗಬೇಕು, ಕತ್ತಲಾಗುವುದರೊಳಗೆ ವಾಪಸು ಬರಬೇಕು. ಹಾರಾಟ ಹಗಲಲ್ಲಿ ಮಾತ್ರ, ಅದೂ ಕಣ್ಣಿಗೆ ನೆಲ ಕಾಣುವ ಹವೆಯಲ್ಲಿ ಮಾತ್ರ. ಅಲ್ಲಿನ ಡಿಸೆಂಬರಿನಲ್ಲಿ ಹಗಲು ಹದಿನಾರು ಗಂಟೆಗೂ ಹೆಚ್ಚು, ಜೂನ್‌ನಲ್ಲಿ ಎಂಟು ಗಂಟೆಯ ಆಸುಪಾಸು. ಹೀಗಾಗಿ ಬೇಸಿಗೆಯಲ್ಲಿ ನಾಲ್ಕು ಸುತ್ತು ಹಾಕುವ ವಿಮಾನ ಚಳಿಗಾಲದಲ್ಲಿ ಎರಡಕ್ಕೇ ನಿಲ್ಲಬಹುದು.

ಸಂಜೆ ಪಟ್ಟಿ ಸಿದ್ಧವಾದ ಮೇಲೆ ಸುದ್ದಿ ಹೊರಗೆ ಹೋಗುತ್ತದೆ. ಸ್ಥಳೀಯ ರೇಡಿಯೊದಲ್ಲಿ ನಾಳೆ ಯಾರು ಯಾವ ವಿಮಾನದಲ್ಲಿ ಹೋಗುತ್ತಾರೆ ಎಂದು ಓದಿಹೇಳುವ ರೂಢಿ ಬೆಳೆದದ್ದು ಹೀಗೆಯೇ. ಅತಿಥಿಗೃಹದಲ್ಲಿ ಉಳಿದಿದ್ದರೆ ಮನೆಯವರೇ ಬಂದು ಹೊರಡುವ ಹೊತ್ತು ತಿಳಿಸುತ್ತಾರೆ. ಬೆಳಿಗ್ಗೆ ಮಂಜು ಕವಿದರೆ ಇಡೀ ಪಟ್ಟಿ ಮತ್ತೆ ಅಳಿಸಿ ಬರೆಯಬೇಕು.

ಇದರಿಂದ ಪ್ರಯಾಣಿಕರು ತಿಳಿದಿರಬೇಕಾದ ಒಂದು ಸಂಗತಿ ಇದೆ. ನಕ್ಷೆಯಲ್ಲಿ ನೇರ ಹಾರಿದರೆ ನಲವತ್ತು ನಿಮಿಷದ ಜಾಗಕ್ಕೆ ನೀವು ಮೂರು ಕಡೆ ಇಳಿದು ಹತ್ತಿ ಒಂದೂವರೆ ಗಂಟೆಯಲ್ಲಿ ತಲುಪಬಹುದು. ಅದನ್ನು ವಿಳಂಬ ಎಂದು ಎಣಿಸಬೇಡಿ. ಟಿಕೆಟ್ ದರದಲ್ಲೇ ನಾಲ್ಕು ದ್ವೀಪ ಮೇಲಿನಿಂದ ನೋಡಿದಂತಾಯಿತು.

ಟಿಕೆಟ್ ಮಾಡಿಸುವಾಗ ದೇಹದ ತೂಕ ಕೇಳುತ್ತಾರಂತೆ. ಹೆಂಗಸರಿಗೆ ಮುಜುಗರ ಅಲ್ಲವೇ? ನಾಲ್ಕೈದು ಕೆ.ಜಿ. ಕಡಿಮೆ ಹೇಳಿದರೆ ಏನಾಗುತ್ತದೆ? (ಮೈಸೂರಿನ ಓದುಗರು)

ದಯವಿಟ್ಟು ಕಡಿಮೆ ಹೇಳಬೇಡಿ. ಇಲ್ಲಿ ಲೆಕ್ಕ ಬಿಡಿಸಿಯೇ ತೋರಿಸಬೇಕು.

ಐಲ್ಯಾಂಡರ್ ವಿಮಾನ ನೆಲಬಿಡುವಾಗ ಒಟ್ಟು ತೂಕ 2,994 ಕೆ.ಜಿ. ಮೀರುವಂತಿಲ್ಲ. ಸೀಟು, ರೇಡಿಯೊ ಎಲ್ಲ ಸೇರಿ ಖಾಲಿ ವಿಮಾನ 1,870 ಕೆ.ಜಿ. ಎಂದಿಟ್ಟುಕೊಳ್ಳಿ. (ಪ್ರತಿ ವಿಮಾನದ್ದೂ ತುಸು ಬೇರೆ ಇರುತ್ತದೆ, ತೂಗಿಯೇ ಬರೆದಿರುತ್ತಾರೆ.) ಉಳಿದದ್ದು 1,124. ಪೈಲಟ್ 85 ಕೆ.ಜಿ. ಮತ್ತು ಜೀವರಕ್ಷಕ ಜಾಕೆಟ್, ತುರ್ತು ಸಾಮಾನು 35 ಕೆ.ಜಿ. ಕಳೆದರೆ 1,004. ಎರಡೂ ಎಂಜಿನ್ ಸೇರಿ ಗಂಟೆಗೆ ಸುಮಾರು 110 ಲೀಟರ್ ಪೆಟ್ರೋಲ್ ಕುಡಿಯುತ್ತವೆ. ತೂಕದಲ್ಲಿ ಅದು 80 ಕೆ.ಜಿ. ಎರಡು ಗಂಟೆಯ ಸುತ್ತಿಗೆ 160, ಮೇಲೆ ಮುಕ್ಕಾಲು ಗಂಟೆಯ ಮೀಸಲು 60, ಒಟ್ಟು 220 ಕೆ.ಜಿ. ಇಂಧನ. ಈಗ ಜನ ಮತ್ತು ಸಾಮಾನಿಗೆ ಉಳಿದದ್ದು 784 ಕೆ.ಜಿ.

ದಪ್ಪ ಕೋಟು, ಬೂಟು ಸಮೇತ ಒಬ್ಬರು 85 ಕೆ.ಜಿ., ಬ್ಯಾಗು 20 ಕೆ.ಜಿ., ಒಟ್ಟು 105. ಏಳು ಜನಕ್ಕೆ 735. ಎಂಟನೆಯವರಿಗೆ ಸೀಟು ಇದೆ, ತೂಕದಲ್ಲಿ ಜಾಗ ಇಲ್ಲ. ಉಳಿದ 49 ಕೆ.ಜಿ.ಯಲ್ಲಿ ಅಂಚೆ ಚೀಲ ಹೋಗುತ್ತದೆ. ಏಳು ಜನರೂ ತಲಾ 5 ಕೆ.ಜಿ. ಕಡಿಮೆ ಹೇಳಿದರೆ 35 ಕೆ.ಜಿ.ಯ ಸುಳ್ಳು ವಿಮಾನ ಹತ್ತಿದಂತೆ. ಅಂಚೆಯೂ ತುಂಬಿದ್ದರೆ ಮಿತಿ ಅಲ್ಲೇ ಮೀರಿತು.

ಇಷ್ಟಕ್ಕೇ ಮುಗಿಯಲಿಲ್ಲ. ಇಳಿಯುವಾಗಿನ ಮಿತಿ ಬೇರೆ, ಅದು ಸುಮಾರು 2,857 ಕೆ.ಜಿ. ನೆಲಕ್ಕೆ ತಾಕುವ ಪೆಟ್ಟನ್ನು ಚಕ್ರದ ಕಾಲುಗಳು ತಾಳಬೇಕಲ್ಲ, ಅದಕ್ಕೇ ಇದು ಏರುವಾಗಿನ ಮಿತಿಗಿಂತ ಕಡಿಮೆ. ದೂರದ ಹಾರಾಟದಲ್ಲಿ ಇಂಧನ ಉರಿದು ತೂಕ ತಾನಾಗಿ ಇಳಿಯುತ್ತದೆ. ಆದರೆ ಮೊದಲ ನಿಲ್ದಾಣ ಹದಿನೈದೇ ನಿಮಿಷ ದೂರವಿದ್ದರೆ ಉರಿಯುವುದು 20 ಕೆ.ಜಿ. ಅಷ್ಟೇ. ಹಾಗಾದರೆ ಹೊರಡುವಾಗಲೇ 2,877ಕ್ಕಿಂತ ಹೆಚ್ಚು ಇರಬಾರದು. ಮೇಲಿನ ಲೆಕ್ಕದಲ್ಲಿ 117 ಕೆ.ಜಿ. ಖೋತಾ, ಅಂದರೆ ಏಳು ಜನರಲ್ಲಿ ಒಬ್ಬರು ಕೆಳಗಿಳಿಯಬೇಕು. ಹತ್ತಿರದ ಊರಿಗೆ ಹೋಗುವ ವಿಮಾನವೇ ಕಡಿಮೆ ಜನರನ್ನು ಹೊರುತ್ತದೆ ಎಂಬುದು ಕೇಳಲು ವಿಚಿತ್ರ, ಆದರೆ ಲೆಕ್ಕ ಹಾಗಿದೆ. ಇದನ್ನು ನಿಭಾಯಿಸಲು ಎರಡು ದಾರಿಗಳಿವೆ. ಒಂದೋ ದೂರದ ಊರಿಗೆ ಮೊದಲು ಹೋಗಿ, ಹತ್ತಿರದ್ದನ್ನು ಬರುವಾಗ ಮುಟ್ಟುವುದು. ಇಲ್ಲವೇ ಸುತ್ತು ಚಿಕ್ಕದು ಮಾಡಿ, ಕಡಿಮೆ ಇಂಧನ ಹಾಕಿ, ಮತ್ತೆ ಸ್ಟ್ಯಾನ್ಲಿಗೆ ಬಂದು ತುಂಬಿಸಿಕೊಳ್ಳುವುದು. ಎಲ್ಲ ಪಟ್ಟಿಗಳಲ್ಲೂ ಇಂಧನ ಸಿಗುವುದಿಲ್ಲ ಎಂಬುದನ್ನೂ ನೆನಪಿಡಿ.

ಮೂರನೆಯದು, ತೂಕ ಎಲ್ಲಿ ಕೂತಿದೆ ಎಂಬುದು. ಭಾರವಾದವರೆಲ್ಲ ಹಿಂದಿನ ಸಾಲಿನಲ್ಲಿ ಕೂತು, ಬ್ಯಾಗುಗಳೂ ಹಿಂದೆಯೇ ಇದ್ದರೆ ಸಮತೋಲದ ಬಿಂದು ಹಿಂದೆ ಸರಿಯುತ್ತದೆ. ಆಗ ಮೂಗು ತಾನಾಗಿ ಮೇಲೇಳುತ್ತದೆ, ವೇಗ ಕುಸಿದಾಗ ಅದನ್ನು ಕೆಳಗೆ ತರುವುದು ಕಷ್ಟ. ತೀರಾ ಮುಂದಿದ್ದರೆ ಇಳಿಯುವ ಕೊನೆ ಗಳಿಗೆಯಲ್ಲಿ ಮೂಗು ಎತ್ತಲು ಬಲ ಸಾಲದು. ಆದ್ದರಿಂದ ಪೈಲಟ್ ಹೆಸರು ಕರೆದು ಸೀಟು ತೋರಿಸುತ್ತಾರೆ. ಗಂಡ ಹೆಂಡತಿ ಬೇರೆ ಬೇರೆ ಸಾಲಿನಲ್ಲಿ ಕೂರಬೇಕಾಗಿ ಬಂದರೆ ಬೇಸರ ಬೇಡ.

ಮುಜುಗರದ ಮಾತು ಕೇಳಿದಿರಿ. ಆ ಊರಿನ ಹೆಂಗಸರು ಹಾಲಿನ ಲೆಕ್ಕ ಹೇಳಿದಷ್ಟು ಸಲೀಸಾಗಿ ತೂಕ ಹೇಳುತ್ತಾರೆ. ಕುರಿಯ ಉಣ್ಣೆಯಿಂದ ಹಿಡಿದು ವಿಮಾನದವರೆಗೆ ತೂಕವೇ ಅಲ್ಲಿನ ಬದುಕು.

ನಮ್ಮ ಕಡೆ ಮಳೆಗಾಲದಲ್ಲಿ ಹುಲ್ಲಿನ ಬಯಲಿಗೆ ಜೀಪು ಇಳಿಸಿದರೂ ಹೂತುಹೋಗುತ್ತದೆ. ಮೂರು ಟನ್ ವಿಮಾನ ಹೇಗೆ ಇಳಿದು ಏರುತ್ತದೆ? (ತೀರ್ಥಹಳ್ಳಿಯ ಓದುಗರು)

ಮಲೆನಾಡಿನವರಿಗೆ ಈ ಪ್ರಶ್ನೆ ಹೊಳೆದದ್ದು ಸಹಜ. ಹೂತುಹೋಗುವುದು ಒಟ್ಟು ತೂಕದಿಂದಲ್ಲ, ಆ ತೂಕ ಎಷ್ಟು ಅಗಲದ ನೆಲದ ಮೇಲೆ ಹಂಚಿದೆ ಎಂಬುದರಿಂದ. ಐಲ್ಯಾಂಡರ್‌ನ ಎರಡು ಮುಖ್ಯ ಕಾಲುಗಳಲ್ಲಿ ಒಂದೊಂದಕ್ಕೂ ಜೋಡಿ ಚಕ್ರ ಇದೆ. ಹಾಗಾಗಿ ಹಿಂದೆ ನಾಲ್ಕು, ಮೂಗಿನ ಕೆಳಗೆ ಒಂದು, ಒಟ್ಟು ಐದು ಟೈರು. ಕಾಲುಗಳು ಒಳಗೆ ಮಡಚಿಕೊಳ್ಳುವುದಿಲ್ಲ. ಮಡಚುವ ಸಲಕರಣೆ ಇಲ್ಲದ ಮೇಲೆ ಕೆಸರು ಸಿಕ್ಕಿ ಕೆಡುವ ಭಯವೂ ಇಲ್ಲ.

ಆದರೂ ಒದ್ದೆ ಹುಲ್ಲು ನಿಜವಾದ ಶತ್ರು. ತಯಾರಕರ ಲೆಕ್ಕದಲ್ಲಿ ಗಟ್ಟಿ ನೆಲದಿಂದ ಹೊರಟು 15 ಮೀಟರ್ ಎತ್ತರಕ್ಕೇರಲು ಐಲ್ಯಾಂಡರ್‌ಗೆ 371 ಮೀಟರ್ ಸಾಕು. ಚಿಕ್ಕ ವಿಮಾನಗಳಿಗಾಗಿ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಹೇಳುವ ಗುಣಕಗಳನ್ನು ಅದಕ್ಕೆ ಹಚ್ಚಿ ನೋಡಿ. ಒದ್ದೆ ಹುಲ್ಲಿಗೆ 1.3ರಿಂದ ಗುಣಿಸಿ: 482. ನೆಲ ಮೆದುವಾಗಿದ್ದರೆ ಕನಿಷ್ಠ 1.25: 603. ಸುರಕ್ಷತೆಯ ಅಂತರಕ್ಕೆ 1.33: ಸುಮಾರು 800 ಮೀಟರ್. ಪುಸ್ತಕದ 371 ಕಣ್ಣೆದುರಿಗೇ ಎರಡು ಪಟ್ಟು ಮೀರಿತು. ಈ ಗುಣಕಗಳನ್ನು ಕೂಡಿಸಬಾರದು, ಒಂದರ ಮೇಲೊಂದು ಗುಣಿಸಬೇಕು. ಕೂಡಿಸಿ ಮೋಸಹೋದವರು ಪ್ರಪಂಚದ ಹುಲ್ಲಿನ ಪಟ್ಟಿಗಳ ತುದಿಯ ಬೇಲಿಗಳಿಗೆ ಗೊತ್ತು. ಇಳಿಯುವಾಗ ತೊಂದರೆ ಬೇರೆ ಬಗೆಯದು. ಏರುವಾಗ ಹುಲ್ಲು ಚಕ್ರವನ್ನು ಹಿಡಿದೆಳೆಯುತ್ತದೆ, ಇಳಿಯುವಾಗ ಅದೇ ಒದ್ದೆ ಹುಲ್ಲಿನ ಮೇಲೆ ಬ್ರೇಕು ಹಿಡಿಯದೆ ಜಾರುತ್ತದೆ.

ಇದನ್ನೆಲ್ಲ ಸರಿದೂಗಿಸುವುದು ಗಾಳಿ. ಫಾಕ್‌ಲ್ಯಾಂಡ್‌ನಲ್ಲಿ ವರ್ಷವಿಡೀ ಸರಾಸರಿ ಗಂಟೆಗೆ 30 ಕಿ.ಮೀ. ಗಾಳಿ, ಹೆಚ್ಚಾಗಿ ಪಶ್ಚಿಮದಿಂದ. ವಿಮಾನ ಗಾಳಿಯಲ್ಲಿ ಗಂಟೆಗೆ 120 ಕಿ.ಮೀ. ವೇಗದಲ್ಲಿ ಇಳಿಯುತ್ತಿದೆ, ಎದುರುಗಾಳಿ 55 ಕಿ.ಮೀ. ಇದೆ ಎನ್ನಿ. ನೆಲದ ಮೇಲೆ ಅದರ ವೇಗ ಬರೀ 65. ನಿಲ್ಲಿಸಬೇಕಾದ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಉಳಿಯುತ್ತದೆ. ಅಂಥ ದಿನ ವಿಮಾನ ನೆಲಮುಟ್ಟಿ ನಾಲ್ಕು ಹೆಜ್ಜೆಗೆ ನಿಂತಂತೆ ಕಾಣುತ್ತದೆ. ಅದೇ ಗಾಳಿ ಅಡ್ಡ ಬಂದರೆ ಮಾತ್ರ ಉಪಕಾರ ಇಲ್ಲ. ಅದಕ್ಕೇ ಹಲವು ಕಡೆ ಒಂದೇ ಪಟ್ಟಿ ಇರದೆ, ಒಂದಕ್ಕೊಂದು ಅಡ್ಡಲಾಗಿ ಎರಡು ಇರುತ್ತವೆ. ಗುಡ್ಡದ ಮರೆಯಲ್ಲಿ ಇರುವ ಪಟ್ಟಿಗಳಲ್ಲಿ ಗಾಳಿ ಗುಡ್ಡ ದಾಟಿ ಕೆಳಗೆ ಸುರುಳಿ ಸುತ್ತುತ್ತದೆ. ವಿಮಾನ ಒಮ್ಮೆಲೆ ಹತ್ತಾರು ಮೀಟರ್ ಕುಸಿಯುವುದು ಆ ಸುರುಳಿಯಲ್ಲಿ ಸಿಕ್ಕಾಗ. ದೊಡ್ಡ ವಿಮಾನಗಳು ಬರುವ ಮೌಂಟ್ ಪ್ಲೆಸೆಂಟ್ ನಿಲ್ದಾಣದಲ್ಲೂ ಉತ್ತರದ ಗಾಳಿ ಬೀಸಿದಾಗ ಇದೇ ತಲೆನೋವು.

ಪಟ್ಟಿಯ ಕೆಲಸ ಮಾಡುವವರು ಆ ನೆಲೆಯ ಕುರಿ ಸಾಕಣೆಯವರೇ. ವಿಮಾನ ಬರುವ ಮೊದಲು ಒಬ್ಬರು ಲ್ಯಾಂಡ್ ರೋವರ್ ಹಿಂದೆ ಬೆಂಕಿ ಆರಿಸುವ ಸಾಮಾನಿನ ಪುಟ್ಟ ಟ್ರೇಲರ್ ಸಿಕ್ಕಿಸಿಕೊಂಡು ಬರುತ್ತಾರೆ. ಪಟ್ಟಿಯ ಈ ತುದಿಯಿಂದ ಆ ತುದಿಗೆ ಗಾಡಿ ಓಡಿಸಿ, ಕುರಿಗಳನ್ನೂ ಕಾಡುಬಾತುಗಳನ್ನೂ ಎಬ್ಬಿಸಿ ಓಡಿಸುತ್ತಾರೆ. ಚಕ್ರದ ಗುರುತು ಎಷ್ಟು ಆಳ ಬಿದ್ದಿದೆ ನೋಡಿದರೆ ನೆಲ ಎಷ್ಟು ಮೆದು ಎಂಬುದೂ ತಿಳಿಯುತ್ತದೆ. ಗಾಳಿಚೀಲ ಎತ್ತ ವಾಲಿದೆ ಎಂದು ರೇಡಿಯೊದಲ್ಲಿ ಪೈಲಟ್‌ಗೆ ಹೇಳುತ್ತಾರೆ. ವಿಮಾನ ನಿಂತ ಮೇಲೆ ಬ್ಯಾಗು ಇಳಿಸಿ, ಹೊರಡುವವರನ್ನು ಹತ್ತಿಸುವುದೂ ಅವರೇ. ಇಳಿಯುವವರಿಗೆ ಒಂದೇ ನಿಯಮ: ಬಾಗಿಲಿನಿಂದ ಕಾಲಿಟ್ಟ ಕೂಡಲೇ ಬಾಲದ ಕಡೆಗೆ ನಡೆಯಿರಿ, ರೆಕ್ಕೆಯ ಮುಂದಕ್ಕೆ ಹೋಗಲೇಬೇಡಿ. ತಿರುಗುವ ಪ್ರೊಪೆಲರ್ ಕಣ್ಣಿಗೆ ಕಾಣುವುದಿಲ್ಲ. ಟೋಪಿ ಹಾರಿಹೋದರೆ ಅದರ ಹಿಂದೆ ಓಡಬಾರದು. (ಟೋಪಿಯನ್ನು ಕೆಳಗಿಟ್ಟರೂ ಕಷ್ಟವೇ. ಜಾನಿ ರೂಕ್ ಎಂದು ಅಲ್ಲಿನವರು ಕರೆಯುವ ಕರಾಕರಾ ಹದ್ದು ಕಚ್ಚಿಕೊಂಡು ಹೋಗುತ್ತದೆ.)

ಐಲ್ಯಾಂಡರ್ 1965ರ ವಿನ್ಯಾಸ ಎಂದು ಕೇಳಿದ್ದೇನೆ. ಇಷ್ಟು ಹಳೆಯದನ್ನೇ ಯಾಕೆ ನೆಚ್ಚಿಕೊಂಡಿದ್ದಾರೆ? ಅದರಲ್ಲಿ ಏನೇನು ಕೆಡುತ್ತದೆ? (ಬೆಂಗಳೂರು ಪೀಣ್ಯದಿಂದ ಒಬ್ಬ ಮೆಕ್ಯಾನಿಕ್)

ಮೊದಲ ಹಾರಾಟ 1965ರ ಜೂನ್‌ನಲ್ಲಿ, ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿ, ನಿಜ. ಜಾನ್ ಬ್ರಿಟನ್ ಮತ್ತು ಡೆಸ್ಮಂಡ್ ನಾರ್ಮನ್ ರೂಪಿಸಿದ್ದು. ಹಾರುತ್ತಿರುವ ವಿಮಾನಗಳು ಅಷ್ಟು ಹಳೆಯವಲ್ಲ, ವಿನ್ಯಾಸ ಮಾತ್ರ ಆಗಿನದು. ನಮ್ಮ ನೌಕಾಪಡೆಯೂ ಕೊಚ್ಚಿಯಲ್ಲಿ ಇದೇ ವಿಮಾನವನ್ನು ದಶಕಗಳ ಕಾಲ ಹಾರಿಸಿದೆ.

ನೆಚ್ಚಿಕೊಂಡಿರುವುದು ಅದರ ಸರಳತೆಯನ್ನು. ಒಳಗೆ ನಡೆದಾಡುವ ದಾರಿಯೇ ಇಲ್ಲ. ಇಬ್ಬಿಬ್ಬರು ಕೂರುವ ಐದು ಸಾಲು, ಎಡಕ್ಕೆ ಎರಡು ಬಾಗಿಲು, ಬಲಕ್ಕೆ ಒಂದು. ಕಾರಿಗೆ ಹತ್ತಿದ ಹಾಗೆ ಹೊರಗಿನಿಂದಲೇ ನಿಮ್ಮ ಸಾಲಿಗೆ ಹತ್ತುತ್ತೀರಿ. ಎಂಜಿನ್ ಲೈಕಮಿಂಗ್ ಕಂಪನಿಯ ಒ-540: ಆರು ಸಿಲಿಂಡರ್, 8.9 ಲೀಟರ್, ಗಾಳಿಯಿಂದಲೇ ತಣಿಯುವಂಥದ್ದು, ನಿಮಿಷಕ್ಕೆ 2,700 ಸುತ್ತಿನಲ್ಲಿ 260 ಅಶ್ವಶಕ್ತಿ. ಒಂದು ಎಡಕ್ಕೆ, ಒಂದು ಬಲಕ್ಕೆ. 10–15 ನಿಮಿಷಕ್ಕೊಮ್ಮೆ ಇಳಿದು ಏರುವ ಕೆಲಸಕ್ಕೆ ಟರ್ಬೈನ್ ದುಬಾರಿ. ಅದರ ಬಿಸಿಭಾಗದ ಆಯುಸ್ಸು ಗಂಟೆಯ ಜೊತೆಗೆ ಎಷ್ಟು ಸಲ ಚಾಲೂ ಮಾಡಿದಿರಿ ಎಂಬ ಲೆಕ್ಕದಲ್ಲೂ ಸವೆಯುತ್ತದೆ.

ನೀವು ಮೆಕ್ಯಾನಿಕ್ ಆದ್ದರಿಂದ ಕೆಡುವ ಸಂಗತಿಗಳನ್ನು ತುಸು ವಿವರವಾಗಿಯೇ ಹೇಳೋಣ.

ಈ ಎಂಜಿನ್‌ಗೆ ಇರುವುದು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್. ಹಳೆಯ ಅಂಬಾಸಿಡರ್‌ನಲ್ಲಿ ಕಂಡಿರುತ್ತೀರಿ, ಗಾಳಿ ಕಿರಿದಾದ ಕತ್ತಿನಲ್ಲಿ ವೇಗವಾಗಿ ನುಗ್ಗುವಾಗ ಮತ್ತು ಪೆಟ್ರೋಲ್ ಆವಿಯಾಗುವಾಗ ಅಲ್ಲಿ ತಾಪ 20 ಡಿಗ್ರಿಗೂ ಹೆಚ್ಚು ಬೀಳಬಹುದು. ಹೊರಗೆ 8–10 ಡಿಗ್ರಿ, ಗಾಳಿಯಲ್ಲಿ ತೇವ, ಇದು ಫಾಕ್‌ಲ್ಯಾಂಡ್‌ನ ಮಾಮೂಲಿ ದಿನ. ಆಗ ಕತ್ತಿನಲ್ಲಿ ಹಿಮ ಕಟ್ಟುತ್ತದೆ, ಗಾಳಿಯ ದಾರಿ ಸಣ್ಣದಾಗುತ್ತದೆ, ಶಕ್ತಿ ಸದ್ದಿಲ್ಲದೆ ಇಳಿಯುತ್ತದೆ. ಇಲ್ಲಿ ಒಂದು ಮೋಸ ಇದೆ. ಪ್ರೊಪೆಲರ್‌ನ ಗವರ್ನರ್ ಅಲಗಿನ ಕೋನ ಬದಲಿಸಿ ಸುತ್ತಿನ ವೇಗವನ್ನು ಹಾಗೇ ಹಿಡಿದಿಡುತ್ತದೆ. ಆರ್‌ಪಿಎಂ ಮುಳ್ಳು ನೋಡಿದರೆ ಏನೂ ಆಗಿಲ್ಲ ಎನ್ನಿಸುತ್ತದೆ. ಸತ್ಯ ಹೇಳುವುದು ಮ್ಯಾನಿಫೋಲ್ಡ್ ಒತ್ತಡದ, ಅಂದರೆ ಸಿಲಿಂಡರಿಗೆ ಹೋಗುವ ಗಾಳಿಯ ಒತ್ತಡದ ಮುಳ್ಳು. ಅದು ಕಾರಣವಿಲ್ಲದೆ ಇಳಿಯುತ್ತಿದ್ದರೆ ಬಿಸಿಗಾಳಿಯ ಸನ್ನೆಯನ್ನು ಪೂರ್ತಿ ಎಳೆಯಬೇಕು. ಎಳೆದ ಕೂಡಲೇ ಎಂಜಿನ್ ಇನ್ನಷ್ಟು ಕೆಮ್ಮುತ್ತದೆ, ಕರಗಿದ ಹಿಮದ ನೀರು ಒಳಗೆ ಹೋಗುವುದರಿಂದ. ಹೆದರಿ ಸನ್ನೆ ವಾಪಸು ತಳ್ಳುವುದೇ ತಪ್ಪು. ಕೆಮ್ಮು ನಿಂತು ಮುಳ್ಳು ಮೇಲೇಳುವ ತನಕ ಕಾಯಬೇಕು.

ಎರಡನೆಯದು ಇಂಧನದಲ್ಲಿ ನೀರು. ಇದು ಓಡುವುದು ಏವ್‌ಗ್ಯಾಸ್ ಎಂಬ ವಿಮಾನದ ಪೆಟ್ರೋಲಿನಲ್ಲಿ. ದ್ವೀಪಕ್ಕೆ ಅದು ಹಡಗಿನಲ್ಲೇ ಬರಬೇಕು. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲಿ ರಾತ್ರಿಯ ಚಳಿಗೆ ತೇವ ಬೆವರಿ ತಳಕ್ಕಿಳಿಯುತ್ತದೆ. ಬೆಳಿಗ್ಗೆ ಟ್ಯಾಂಕಿನ ತಳದ ಕವಾಟದಿಂದ ಒಂದಿಷ್ಟನ್ನು ಗಾಜಿನ ಲೋಟಕ್ಕೆ ಹಿಡಿದು ಬೆಳಕಿಗೆ ಹಿಡಿಯುತ್ತಾರೆ. ತಿಳಿನೀಲಿ ಬಣ್ಣ ಒಂದೇ ಸಮ ಇರಬೇಕು. ತಳದಲ್ಲಿ ಬಣ್ಣವಿಲ್ಲದ ಗುಳ್ಳೆ ಕೂತಿದ್ದರೆ ಅದು ನೀರು. ಅದು ಹೋಗುವ ತನಕ ಹರಿಸುತ್ತಾರೆ. ಲೋಟ ಪೂರ್ತಿ ಬಣ್ಣವಿಲ್ಲದೆ ಇದ್ದರೆ ಇನ್ನೂ ಎಚ್ಚರ ಬೇಕು. ನೀವು ಹಿಡಿದದ್ದು ಬರೀ ನೀರೇ ಆಗಿರಬಹುದು.

ಮೂರನೆಯದು ಉಪ್ಪು. ಕಡಲಗಾಳಿಯ ಉಪ್ಪು ರಿವೆಟ್‌ಗಳ ಸುತ್ತ, ಕೀಲುಗಳ ಸಂದಿಯಲ್ಲಿ ಕೂತು ಅಲ್ಯೂಮಿನಿಯಂ ಅನ್ನು ಬಿಳಿ ಪುಡಿ ಮಾಡುತ್ತದೆ. ಸಿಹಿನೀರಿನಲ್ಲಿ ಆಗಾಗ ತೊಳೆಯುವುದು, ಸಂದಿಗಳಿಗೆ ತುಕ್ಕುನಿರೋಧಕ ಸಿಂಪಡಿಸುವುದು, ಇಷ್ಟೇ ಮದ್ದು. ನಾಲ್ಕನೆಯದು ಕಲ್ಲು. ಪಟ್ಟಿಯ ಸಣ್ಣ ಕಲ್ಲನ್ನು ಪ್ರೊಪೆಲರ್ ಮೇಲಕ್ಕೆ ಹೀರಿ ತನ್ನ ಅಂಚಿಗೇ ಹೊಡೆಸಿಕೊಳ್ಳುತ್ತದೆ. ಆ ಕಚ್ಚು ಎಷ್ಟು ಸಣ್ಣದಿದ್ದರೂ ಬಿರುಕಿಗೆ ಅದೇ ಬೀಜ. ಅರ ಹಾಕಿ ಅಂಚನ್ನು ನಯವಾಗಿ ಬಾಗಿಸಬೇಕು, ಚೂಪು ಮೂಲೆ ಉಳಿಯಬಾರದು. ನಿಂತಲ್ಲೇ ಪೂರ್ತಿ ಶಕ್ತಿ ಕೊಡದೆ, ಉರುಳಲು ಶುರುವಾದ ಮೇಲೆ ನಿಧಾನಕ್ಕೆ ಏರಿಸಿದರೆ ಕಲ್ಲು ಹೀರುವುದು ಬಹಳ ತಗ್ಗುತ್ತದೆ.

1982ರ ಯುದ್ಧದಲ್ಲಿ ಈ ಸೇವೆಯ ಗತಿ ಏನಾಯಿತು? ಅರ್ಜೆಂಟೀನಾದ ವಿಮಾನಗಳೂ ಅಲ್ಲಿಗೆ ಬರುತ್ತಿದ್ದವೇ? (ಧಾರವಾಡದ ಓದುಗರು)

ಬರುತ್ತಿದ್ದವು. ಅದೇ ಈ ಕಥೆಯ ಮರೆತುಹೋದ ಭಾಗ. ಅರ್ಜೆಂಟೀನಾ ಈ ದ್ವೀಪಗಳನ್ನು ಮಾಲ್ವಿನಾಸ್ ಎನ್ನುತ್ತದೆ, ತನ್ನದೇ ಎನ್ನುತ್ತದೆ. ಸ್ಟ್ಯಾನ್ಲಿಯಲ್ಲಿ ರನ್‌ವೇ ಇಲ್ಲದ ಕಾಲದಲ್ಲಿ, 1966ರ ಸೆಪ್ಟೆಂಬರ್‌ನಲ್ಲಿ, ಅರ್ಜೆಂಟೀನಾದ ಒಂದು ಯುವಕರ ಗುಂಪು ಡಿಸಿ-4 ಪ್ರಯಾಣಿಕ ವಿಮಾನವನ್ನೇ ಅಪಹರಿಸಿ ತಂದು ಅಲ್ಲಿನ ಕುದುರೆ ಪಂದ್ಯದ ಮೈದಾನದಲ್ಲಿ ಇಳಿಸಿತ್ತು. 1971ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ಸರ್ಕಾರಗಳ ನಡುವೆ ಸಂಪರ್ಕದ ಒಪ್ಪಂದ ಆಯಿತು. ಅರ್ಜೆಂಟೀನಾ ವಾಯುಪಡೆ ನಡೆಸುವ ಲಾದೆ ಎಂಬ ವಿಮಾನ ಸಂಸ್ಥೆ 1972ರಲ್ಲಿ ಕೊಮೊದೊರೊ ರಿವದಾವಿಯ ಊರಿನಿಂದ ಸ್ಟ್ಯಾನ್ಲಿಗೆ ಹಾರತೊಡಗಿತು. ಮೊದಲು ನೀರಿನಲ್ಲಿ ಇಳಿಯುವ ಆಲ್ಬಟ್ರಾಸ್, ಅದೇ ವರ್ಷದ ಕೊನೆಗೆ ಲೋಹದ ಹಲಗೆ ಹಾಸಿದ ತಾತ್ಕಾಲಿಕ ಪಟ್ಟಿಯ ಮೇಲೆ ಫೋಕರ್ ಎಫ್-27. ದ್ವೀಪದವರು ಮುಖ್ಯಭೂಮಿಗೆ ಹೋಗಲು ಹತ್ತು ವರ್ಷ ಅದನ್ನೇ ನೆಚ್ಚಿದ್ದರು. ಈಗಿನ ಸ್ಟ್ಯಾನ್ಲಿ ನಿಲ್ದಾಣ ಸಿದ್ಧವಾದದ್ದು 1970ರ ದಶಕದ ಕೊನೆಯಲ್ಲಿ.

1982ರ ಏಪ್ರಿಲ್ 2ರಂದು ಅರ್ಜೆಂಟೀನಾ ಸೇನೆ ಬಂದಿಳಿಯಿತು. ಜೂನ್ 14ರಂದು ಯುದ್ಧ ಮುಗಿಯುವ ಹೊತ್ತಿಗೆ ಫಿಗಾಸ್‌ನ ವಿಮಾನಗಳು ನೆಲದಲ್ಲೇ ನಾಶವಾಗಿದ್ದವು. ಪೆಬಲ್ ದ್ವೀಪದ ಹುಲ್ಲಿನ ಪಟ್ಟಿಯನ್ನು ಅರ್ಜೆಂಟೀನಾ ತನ್ನ ಯುದ್ಧವಿಮಾನಗಳಿಗೆ ಬಳಸಿಕೊಂಡಿತ್ತು. ಮೇ 14ರ ರಾತ್ರಿ ಬ್ರಿಟಿಷ್ ಕಮಾಂಡೊಗಳು ಅಲ್ಲಿಗೆ ನುಗ್ಗಿ 11 ವಿಮಾನಗಳನ್ನು ಹಾಳುಮಾಡಿದರು. ಇಂದು ಪೆಂಗ್ವಿನ್ ನೋಡಲು ಹೋಗುವವರು ಇಳಿಯುವುದು ಅದೇ ದ್ವೀಪದಲ್ಲಿ. ಯುದ್ಧದ ನಂತರ ಹೊಸ ಐಲ್ಯಾಂಡರ್‌ಗಳನ್ನು ತರಿಸಿ ಸೇವೆ ಮತ್ತೆ ಕಟ್ಟಿದರು. ನೆಲದಲ್ಲಿ ಹೂತಿದ್ದ ಸಿಡಿಗುಂಡುಗಳನ್ನು ಪೂರ್ತಿ ತೆಗೆದು ಮುಗಿಸಿದ್ದು 2020ರಲ್ಲಿ.

ರಸ್ತೆ ಬಂದ ಮೇಲೂ ವಿಮಾನ ಬೇಕೇ? ಪ್ರಯಾಣಿಕರನ್ನು ಬಿಟ್ಟು ಬೇರೆ ಕೆಲಸ ಇದೆಯೇ? (ಕಾರವಾರದ ಓದುಗರು)

ಎರಡು ದೊಡ್ಡ ದ್ವೀಪಗಳಲ್ಲಿ ಈಗ ಜಲ್ಲಿ ರಸ್ತೆಗಳಿವೆ, ನಡುವಿನ ಜಲಸಂಧಿ ದಾಟಲು ಫೆರಿ ಇದೆ. ಅಲ್ಲಿ ವಿಮಾನದ ಕೆಲಸ ತಗ್ಗಿದೆ. ಹೊರ ದ್ವೀಪಗಳಿಗೆ ಮಾತ್ರ ಬೇರೆ ದಾರಿ ಇಲ್ಲ. ಅಂಚೆ, ಔಷಧ, ಬಿಡಿಭಾಗ, ಶಾಲೆಗೆ ಹೋಗುವ ಮಕ್ಕಳು, ಎಲ್ಲ ಇದರಲ್ಲೇ. ರೋಗಿ ಬರುವುದಿದ್ದರೆ ಕೆಲವು ಸೀಟು ಕಿತ್ತು ಸ್ಟ್ರೆಚರ್ ಕಟ್ಟುತ್ತಾರೆ. ಆ ದಿನದ ಪಟ್ಟಿ ಏನೇ ಇರಲಿ, ರೋಗಿಗೇ ಮೊದಲ ಪಾಳಿ. ಸ್ಟ್ಯಾನ್ಲಿಯ ಕಿಂಗ್ ಎಡ್ವರ್ಡ್ ಸ್ಮಾರಕ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದ ದೊಡ್ಡ ವಿಮಾನದಲ್ಲಿ ದೇಶದ ಹೊರಗೆ ಕಳಿಸುತ್ತಾರೆ.

ಕಾರವಾರದವರಿಗೆ ಹಿಡಿಸುವ ಕೆಲಸ ಇನ್ನೊಂದಿದೆ, ಮೀನುಗಾರಿಕೆಯ ಕಾವಲು. 1987ರ ಫೆಬ್ರವರಿಯಿಂದ ದ್ವೀಪಗಳ ಸುತ್ತ 150 ನಾಟಿಕಲ್ ಮೈಲಿ ಕಡಲಿನಲ್ಲಿ ಪರವಾನಗಿ ಇಲ್ಲದೆ ಮೀನು ಹಿಡಿಯುವಂತಿಲ್ಲ. ಬೊಂಡಾಸ್ ಹಿಡಿಯಲು ಬರುವ ವಿದೇಶಿ ಹಡಗುಗಳ ಪರವಾನಗಿ ಶುಲ್ಕವೇ ಅಲ್ಲಿನ ಸರ್ಕಾರದ ದೊಡ್ಡ ಆದಾಯ. ಫಿಗಾಸ್ ವಿಮಾನ ಕಡಲ ಮೇಲೆ ಗಂಟೆಗಟ್ಟಲೆ ಸುತ್ತಿ ಹಡಗಿನ ಹೆಸರು, ಜಾಗ, ಹೊತ್ತು ಬರೆದುಕೊಂಡು ಫೋಟೊ ಹಿಡಿದು ಬರುತ್ತದೆ. ಪ್ರಯಾಣಿಕರಿಲ್ಲದ ಕಾರಣ ಟ್ಯಾಂಕು ತುಂಬ ಇಂಧನ ಹೊರಬಹುದು.

ಹೋಗಿ ನೋಡುವ ಆಸೆ. ಬೆಂಗಳೂರಿನಿಂದ ದಾರಿ ಹೇಗೆ? (ಬೆಂಗಳೂರು ಜಯನಗರದ ನಿವೃತ್ತ ದಂಪತಿ)

ಮೊದಲು ಚಿಲಿಯ ಸ್ಯಾಂಟಿಯಾಗೊ ತಲುಪಬೇಕು. ಅಲ್ಲಿಂದ ಲಾಟಾಮ್ ವಿಮಾನ ಶನಿವಾರಕ್ಕೊಮ್ಮೆ ಪುಂಟಾ ಅರೆನಾಸ್ ಮೂಲಕ ಮೌಂಟ್ ಪ್ಲೆಸೆಂಟ್‌ಗೆ ಬರುತ್ತದೆ. ಅಲ್ಲಿಂದ ಸ್ಟ್ಯಾನ್ಲಿಗೆ ರಸ್ತೆಯಲ್ಲಿ ಸುಮಾರು 56 ಕಿ.ಮೀ. ವಿಮಾನ ವಾರಕ್ಕೊಮ್ಮೆ ಮಾತ್ರ ಆದ್ದರಿಂದ ಕನಿಷ್ಠ ಒಂದು ವಾರ ಅಲ್ಲಿ ಇರಲೇಬೇಕು. ಗಾಳಿಯಿಂದ ವಿಮಾನ ರದ್ದಾದರೆ ಇನ್ನಷ್ಟು ದಿನ. ಸ್ಯಾಂಟಿಯಾಗೊದಿಂದ ಮುಂದಿನ ಟಿಕೆಟ್ಟನ್ನು ಅದೇ ದಿನಕ್ಕೆ ಮಾಡಿಸಬೇಡಿ, ಎರಡು ದಿನ ಬಿಟ್ಟು ಮಾಡಿಸಿ. ತುರ್ತು ಚಿಕಿತ್ಸೆಗೆ ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿರುವ ವಿಮೆ ಕಡ್ಡಾಯ ಎಂದೇ ತಿಳಿಯಿರಿ.

ದ್ವೀಪಗಳ ಸುತ್ತಾಟವನ್ನು ವಾರದ ಮೊದಲ ಭಾಗದಲ್ಲಿ ಇಟ್ಟುಕೊಂಡು, ಶುಕ್ರವಾರದೊಳಗೆ ಸ್ಟ್ಯಾನ್ಲಿಗೆ ಮರಳಿಬಿಡಿ. ಸಾಮಾನು ತಲಾ 20 ಕೆ.ಜಿ. ಮೀರದಿರಲಿ. ಗಟ್ಟಿ ಸೂಟ್‌ಕೇಸ್ ಬಿಟ್ಟು ಮಡಚಿಕೊಳ್ಳುವ ಬಟ್ಟೆಯ ಬ್ಯಾಗು ಒಯ್ಯಿರಿ, ಹಿಂದಿನ ಸಣ್ಣ ಗೂಡಿಗೆ ಅದು ಸಲೀಸಾಗಿ ಸೇರುತ್ತದೆ. ಮೊಣಕಾಲು ನೋವಿದ್ದರೆ ಟಿಕೆಟ್ ಮಾಡಿಸುವಾಗಲೇ ಹೇಳಿ. ಪೈಲಟ್ ಪಕ್ಕದ ಸೀಟು ಬೇಕೆಂದು ಕೇಳುವುದರಲ್ಲೂ ತಪ್ಪಿಲ್ಲ. ಒಬ್ಬರೇ ಪೈಲಟ್ ಇರುವುದರಿಂದ ಆ ಸೀಟು ಯಾರಾದರೂ ಪ್ರಯಾಣಿಕರಿಗೇ ಸಿಗುತ್ತದೆ, ತೂಕದ ಲೆಕ್ಕ ಒಪ್ಪಿದರೆ.